ಹೇಳದ ಮಾತಿನ ಹೊಣೆ ಯಾರದು?

(ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಳಂದದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಪೂಜ್ಯರು ನನಗೆ ಕೊಟ್ಟ ವಿಷಯ ‘ಶರಣರ ದಾಂಪತ್ಯ’. ದೊಡ್ಡ ವಿಷಯ. ಇದರ ಮೇಲೆ ಮೂರು ತಾಸು ಮಾತಾಡುವವರಿದ್ದಾರೆ, ಕೇಳುವವರು ಪ್ರಸಾದ ನಿಲಯದ ಕಡೆ ನೋಡುತ್ತ ಕೂಡಬೇಕಾಗುತ್ತದೆ. ನಾನು ಅದರೊಳಗಿನ ಒಂದೇ ಎಳೆ ಹಿಡಿದು ಬಂದಿದ್ದೇನೆ. ನಮ್ಮ ಮನಸ್ಸಿನಲ್ಲಿ ಏನಾಗುತ್ತಿದೆ ಎಂಬುದನ್ನು ನಮ್ಮ ಮನೆಯವರಿಗೆ ಹೇಳುವ ಹೊಣೆ ಯಾರದು? ಅವರೇ ತಿಳಿದುಕೊಳ್ಳಬೇಕೋ, ನಾವೇ ಹೇಳಬೇಕೋ? ಈ ಶ್ರಾವಣದಲ್ಲಿ ಇದೇ ಮಾತನ್ನು ಅಫಜಲಪುರ ಕಡೆ ಒಮ್ಮೆ, ಜೇವರ್ಗಿ ಕಡೆ ಒಮ್ಮೆ ಆಡಿದ್ದೇನೆ. ಆಡುತ್ತ ಆಡುತ್ತ ನನ್ನ ಮಾತೇ ಸ್ವಲ್ಪ ಬದಲಾಗಿದೆ. ಯಾಕೆ ಎಂಬುದನ್ನೂ ಹೇಳುತ್ತೇನೆ.

ನನ್ನ ಮನೆಯಿಂದಲೇ ಸುರು ಮಾಡುತ್ತೇನೆ. 1994ನೇ ಇಸವಿ. ಅಫಜಲಪುರ ತಾಲೂಕಿನಲ್ಲಿ, ಭೀಮೆಯ ದಂಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕ. ಆ ವರ್ಷ ಮುಖ್ಯಗುರುವಿನ ಹುದ್ದೆ ನನಗೇ ಬರುತ್ತದೆ ಎಂದು ನಂಬಿದ್ದೆ. ಬರಲಿಲ್ಲ. ನನಗಿಂತ ಕಿರಿಯರೊಬ್ಬರಿಗೆ ಹೋಯಿತು. ಸುದ್ದಿ ಕೇಳಿಕೊಂಡು ಸಂಜೆ ಸೈಕಲ್ ತುಳಿಯುತ್ತ ಮನೆಗೆ ಬಂದೆ. ಮನೆಯಾಕೆ ತಾಟು ಹಚ್ಚಿಕೊಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಬ್ಯಾಳಿ. ಒಂದು ತುತ್ತು ಬಾಯಿಗಿಟ್ಟು, ‘ಬ್ಯಾಳಿ ತಣ್ಣಗಾಗ್ಯದ’ ಎಂದು ತಾಟು ಸರಿಸಿ ಎದ್ದುಬಿಟ್ಟೆ.

ಅಂದಿನಿಂದ 19 ದಿನ ನಮ್ಮಿಬ್ಬರಿಗೆ ಮಾತಿಲ್ಲ. ಹಿರಿಮಗಳು ಆಗ ಎರಡನೇ ತರಗತಿ, ಏಳು ವರ್ಷದ ಕೂಸು. ‘ನಿಮ್ಮಪ್ಪಗ ಹೇಳು, ರೊಟ್ಟಿ ಆಗ್ಯಾವ ಅಂತ.’ ‘ನಿಮ್ಮವ್ವಗ ಹೇಳು, ನನಗ ಹಸಿವಿಲ್ಲ ಅಂತ.’ ನಾವಿಬ್ಬರೂ ನಾಲ್ಕು ಮೊಳದ ಅಂತರದಲ್ಲಿ ಕೂತಿದ್ದೇವೆ. ನಡುವೆ ಆ ಕೂಸು ಅಂಚೆಯಾಳು. ನೀವು ನಗುತ್ತಿದ್ದೀರಿ. ನಗುತ್ತೀರೆಂದು ಗೊತ್ತಿತ್ತು, ಯಾಕೆಂದರೆ ಈ ಅಂಚೆ ಕಚೇರಿ ನಿಮ್ಮ ಮನೆಯಲ್ಲೂ ಇದೆ.

ಒಂದು ದಿನ ಶಾಲೆಯಲ್ಲಿ ಮಗಳ ತರಗತಿಯ ಬಾಯಿಯವರು ಆಕೆಯ ನೋಟುಬುಕ್ಕನ್ನು ತಂದು ಸುಮ್ಮನೆ ನನ್ನ ಮೇಜಿನ ಮೇಲಿಟ್ಟು ಹೋದರು. ‘ಮನೆಯಲ್ಲಿ ನೀನು ಮಾಡುವ ಕೆಲಸಗಳು’ ಎಂದು ಐದು ಸಾಲು ಬರೆಯಲು ಹೇಳಿದ್ದರಂತೆ. ಮಗಳು ಬರೆದಿದ್ದಳು: ಕಸ ಹೊಡೆಯುತ್ತೇನೆ. ನೀರು ತರುತ್ತೇನೆ. ತಮ್ಮನನ್ನು ಆಡಿಸುತ್ತೇನೆ. ಅಪ್ಪಂದು ಅವ್ವಗೆ ಹೇಳುತ್ತೇನೆ. ಅವ್ವಂದು ಅಪ್ಪಗೆ ಹೇಳುತ್ತೇನೆ.

ನಾವು ಲಿಂಗವಂತರು. ಕಾಯಕದ ಬಗ್ಗೆ ನಮ್ಮಷ್ಟು ಮಾತಾಡುವವರು ಯಾರೂ ಇಲ್ಲ. ತನ್ನ ಕಾಯಕ ತಾನೇ ಮಾಡಬೇಕು, ಇನ್ನೊಬ್ಬರ ಹೆಗಲಿಗೆ ಹಾಕಬಾರದು ಎಂದು ನಾನೇ ಎಷ್ಟೋ ಕಡೆ ಹೇಳಿದ್ದೆ. ನನ್ನ ಮನಸ್ಸಿನ ಮಾತು ಹೇಳುವ ಕಾಯಕವನ್ನು ಏಳು ವರ್ಷದ ಕೂಸಿನ ಹೆಗಲಿಗೆ ಹಾಕಿ, ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡು ಓಡಾಡುತ್ತಿದ್ದೆ.

ಅಂದು ರಾತ್ರಿ ಮನೆಯಾಕೆಗೆ ಹೇಳಿದೆ. ಹುದ್ದೆ ಸಿಗಲಿಲ್ಲ, ನನಗೆ ನಾಚಿಕೆಯಾಗಿದೆ, ಊರವರಿಗೆ ಮುಖ ತೋರಿಸಲಾಗುತ್ತಿಲ್ಲ ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: ‘ನಾ ಬ್ಯಾಳಿ ಸಲುವಾಗಿ ಅಂತ ತಿಳಕೊಂಡಿದ್ದೆ. ದಿನಾ ಎರಡೆರಡು ಸಲ ಕಾಸೀನಿ.’

ಈ ಮಾತು ನನ್ನ ಎದೆಗೆ ನಾಟಿದಷ್ಟು ಯಾವ ಪ್ರವಚನವೂ ನಾಟಿಲ್ಲ. ನಾನು ಹೇಳದೆ ಬಿಟ್ಟ ಜಾಗ ಖಾಲಿ ಇರಲಿಲ್ಲ. ಆಕೆ ಅದನ್ನು ತನಗೆ ತಿಳಿದದ್ದರಿಂದ ತುಂಬಿಕೊಂಡಿದ್ದಳು. ತಪ್ಪು ತನ್ನದೇ ಎಂದುಕೊಂಡು 19 ದಿನ ಒಲೆಯ ಮುಂದೆ ಬ್ಯಾಳಿ ಕಾಸುತ್ತಿದ್ದಳು. ನಾನು ಮಾತ್ರ, ‘ಹೆಂಡತಿ ಅಂದಮ್ಯಾಲೆ ಗಂಡನ ಮುಖ ನೋಡಿದರೆ ತಿಳಿಯಬಾರದೇ?’ ಎಂದು ಒಳಗೊಳಗೇ ಆಕೆಯ ಮೇಲೆ ಸಿಟ್ಟಾಗಿದ್ದೆ. ‘ಹೇಳಿದರೆ ಮಾತ್ರ ತಿಳಿಯುವ ಪ್ರೀತಿ ಎಂಥ ಪ್ರೀತಿ’ ಎನ್ನುವವರು ಬಹಳ ಮಂದಿ. ಸಿನಿಮಾದಲ್ಲಿ ಅದು ನಡೆಯುತ್ತದೆ. ಕಟ್ಟಿಗೆ ಒಲೆಯ ಹೊಗೆಯಲ್ಲಿ ಯಾರ ಮುಖವೂ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ನಮ್ಮ ಭಾಷೆಯಲ್ಲೇ ಒಂದು ಸೊಗಸಿದೆ, ಗಮನಿಸಿ. ನಾವು ‘ನನಗ ಸಿಟ್ಟು ಬಂತು’ ಎನ್ನುತ್ತೇವೆ. ‘ನನಗ ಅಂಜಿಕಿ ಬಂತು’, ‘ನನಗ ದುಃಖ ಆತು’. ಸಿಟ್ಟು ಬೀಗರ ಹಾಗೆ ನಮ್ಮ ಮನೆಗೆ ಬರುತ್ತದೆ. ಕರೆಯದೆಯೂ ಬರುತ್ತದೆ, ಬಂದದ್ದಕ್ಕೆ ನಾವು ಹೊಣೆಯಲ್ಲ. ಆದರೆ ಬಂದದ್ದು ಯಾರ ಮನೆಗೆ? ‘ನನಗ’. ಬಂದ ಮೇಲೆ ಅದನ್ನು ಕೂಡಿಸಿ ಮಾತಾಡಿಸುವುದೋ, ಕೋಲು ಕೊಟ್ಟು ನೆರೆಮನೆಗೆ ಅಟ್ಟುವುದೋ, ಅದು ನನ್ನ ಕೈಯಲ್ಲಿದೆ. ಇನ್ನೊಂದು ಮಾತೂ ಇದೆ ನಮ್ಮಲ್ಲಿ: ‘ನೀ ನನಗ ಸಿಟ್ಟು ತರಸಬ್ಯಾಡ’. ಇಲ್ಲಿ ನೋಡಿ, ಒಂದೇ ಏಟಿಗೆ ನನ್ನ ಸಿಟ್ಟಿನ ಯಜಮಾನಿಕೆಯನ್ನು ನಿನ್ನ ಕೈಗೆ ಕೊಟ್ಟುಬಿಟ್ಟೆ. ಮುಂದೆ ನಾನು ಏನು ಮಾಡಿದರೂ ತಪ್ಪು ನಿನ್ನದೇ.

ಅಫಜಲಪುರದಲ್ಲಿ ಹಿರಿಯರೊಬ್ಬರು ಎದ್ದು ಕೇಳಿದರು: ‘ಶರಣರು ಸಿಟ್ಟೇ ಬ್ಯಾಡ ಅಂದಾರ. ನೀವು ಸಿಟ್ಟು ಬಂದದ್ದು ಹೇಳ್ರಿ ಅಂತೀರಿ. ಹ್ಯಾಂಗ?’ ಒಳ್ಳೆಯ ಪ್ರಶ್ನೆ. ಸಿಟ್ಟಿನ ಬಗೆಗಿನ ಬಸವಣ್ಣನವರ ವಚನಗಳು ನಿಮಗೆಲ್ಲ ಬಾಯಿಪಾಠ, ನಾನು ಹಾಡಿ ತೋರಿಸಬೇಕಾಗಿಲ್ಲ. ಆದರೆ ಸಿಟ್ಟು ಬೇಡ ಎನ್ನುವುದನ್ನು ನಾವು ‘ಸಿಟ್ಟು ಮುಚ್ಚಿಡು’ ಎಂದು ಓದಿಕೊಂಡಿದ್ದೇವೆ. ಬಸವಣ್ಣನವರು ತಮ್ಮ ಮನಸ್ಸನ್ನು ಮುಚ್ಚಿಟ್ಟವರೇ? ತಮ್ಮ ಅಂಜಿಕೆ, ತಮ್ಮ ಚಂಚಲತೆ, ತಮ್ಮ ನಾಚಿಕೆ ಎಲ್ಲವನ್ನೂ ‘ನನ್ನದು’ ಎಂದು ಹೆಸರು ಹಿಡಿದು ಹೇಳಿಕೊಂಡವರು ಅವರು. ಬಿಜ್ಜಳನ ಭಂಡಾರದ ಹೊಣೆ ಹೊತ್ತ ಮನುಷ್ಯ ನಾಲ್ಕು ಮಂದಿಯ ಮುಂದೆ ತನ್ನ ಮನಸ್ಸಿನ ಕೊರತೆಯನ್ನು ಹಾಗೆ ಬಿಚ್ಚಿಟ್ಟ. ಅನುಭವ ಮಂಟಪ ಎಂದರೆ ಇನ್ನೇನು? ಅನುಭವ ಎಂಬ ಹೆಸರೇ ಹೇಳುತ್ತದೆ, ಅಲ್ಲಿ ಬಂದವರು ತಂತಮ್ಮದನ್ನು ಹೇಳಬೇಕಿತ್ತು.

ಆ ಹಿರಿಯರಿಗೆ ನಾನು ಸೊನ್ನ ಬ್ಯಾರೇಜಿನ ಮಾತು ಹೇಳಿದೆ. 2020ರ ಅಕ್ಟೋಬರ್ ಅವರು ಮರೆತಿರಲಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಸುರಿದು, ಉಜನಿಯಿಂದ ನೀರು ಬಿಟ್ಟು, ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿದಳು. ನೀರು ಹಿಡಿದಿಟ್ಟಷ್ಟು ದಿನ ಎಲ್ಲ ಶಾಂತ. ಬಿಡಲೇಬೇಕಾದ ದಿನ ಕೆಳಗಿನವರಿಗೆ ಗಂಟುಮೂಟೆ ಕಟ್ಟಲೂ ಪುರಸೊತ್ತಿಲ್ಲ. ಮನೆಯಲ್ಲಿ ‘ನಮ್ಮ ಯಜಮಾನರಿಗೆ ಸಿಟ್ಟೇ ಬರೂದಿಲ್ಲ, ಬಂದರೆ ಮಾತ್ರ...’ ಎನ್ನುತ್ತೇವಲ್ಲ, ಆ ‘ಮಾತ್ರ’ದ ಕೆಳಗೆ ಹೆಂಡತಿ ಮಕ್ಕಳ ಮನೆ ಇದೆ.

ಇನ್ನು ದಾಂಪತ್ಯದ ಮಾತು. ಜೇವರ್ಗಿಯಿಂದ ಶಹಾಪುರ, ಸುರಪುರ ದಾಟಿ ಕೃಷ್ಣೆಯ ಆಚೆಗೆ ಹೋದರೆ ಲಿಂಗಸುಗೂರು. ಆ ಸೀಮೆಯ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಕಲ್ಯಾಣಕ್ಕೆ ಬಂದು, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ಈ ಕಥೆಯನ್ನು ನಾವು ಆಸೆ ಕೂಡದು ಎಂಬುದಕ್ಕೆ ಹೇಳುತ್ತೇವೆ. ಸರಿಯೇ. ನಾನು ಇವತ್ತು ಇನ್ನೊಂದು ಕಡೆಯಿಂದ ನೋಡಿ ಎನ್ನುತ್ತೇನೆ. ಆ ತಾಯಿ ಹೇಗೆ ಹೇಳಿದಳು?

ಅಕ್ಕಿ ಕಂಡು ಮನಸ್ಸು ಕೆಟ್ಟಿತು. ಪಾತ್ರೆ ಕುಕ್ಕಲಿಲ್ಲ. ಮಾರಿ ಉಬ್ಬಿಸಿಕೊಂಡು ಮೂಲೆಗೆ ಕೂಡಲಿಲ್ಲ. ನೆರೆಮನೆಯವಳ ಮುಂದೆ ‘ನಮ್ಮನ್ಯಾಗಿನವರು ಹಿಂಗಾಗ್ಯಾರ ನೋಡವ್ವ’ ಎನ್ನಲಿಲ್ಲ. ಬಸವಣ್ಣನವರ ಹತ್ತಿರ ದೂರು ಒಯ್ಯಲಿಲ್ಲ. ಯಾರ ಮೇಲೆ ಬೇಸರವೋ ಅವರಿಗೇ, ಎದುರಿಗೇ, ಅಂದಿನದನ್ನು ಅಂದೇ ಹೇಳಿದಳು. ಏನಾಗಬೇಕು ಎಂಬುದನ್ನೂ ಹೇಳಿದಳು. ಅಲ್ಲಮಪ್ರಭುಗಳ ಜೊತೆ ಅನುಭಾವದ ಮಾತಿನಲ್ಲಿ ಮುಳುಗಿ ಮಾರಯ್ಯನವರು ಕಾಯಕ ಮರೆತಾಗಲೂ ಹಾಗೆಯೇ ನೇರವಾಗಿ ನೆನಪಿಸಿದಳು. (ಗೋಷ್ಠಿಗೆಂದು ಹೊಲ ಮನೆ ಬಿಟ್ಟು ಬಂದ ನಮ್ಮಂಥವರಿಗೆ ಈ ಭಾಗ ಅಷ್ಟು ಹಿಡಿಸುವುದಿಲ್ಲ.) ಆಕೆಯ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಹೆಸರು ಅಂಕಿತದಲ್ಲೇ ಇದೆ. ಅಷ್ಟು ಪ್ರೀತಿ ಇದ್ದದ್ದರಿಂದಲೇ ಸುಮ್ಮನಿರಲಿಲ್ಲ.

ನಾವು ಮಠದಲ್ಲಿ ಲಕ್ಕಮ್ಮನ ಕಥೆಗೆ ಚಪ್ಪಾಳೆ ಹೊಡೆದು, ಮನೆಗೆ ಹೋಗಿ ಮಗಳಿಗೆ, ‘ಗಂಡನ ಮನ್ಯಾಗ ಬಾಯಿ ಬಿಚ್ಚಬ್ಯಾಡ’ ಎಂದು ಬುದ್ಧಿ ಹೇಳಿ ಕಳಿಸುತ್ತೇವೆ. ಇಬ್ಬರಲ್ಲಿ ಒಬ್ಬರಿಗೆ ನಾವು ಸುಳ್ಳು ಹೇಳುತ್ತಿದ್ದೇವೆ. ಲಕ್ಕಮ್ಮನಿಗೋ, ಮಗಳಿಗೋ?

ಇದನ್ನೆಲ್ಲ ಜೇವರ್ಗಿ ಕಡೆಯ ಒಂದು ಮಠದಲ್ಲಿ ಹೇಳಿ ಮುಗಿಸಿದ್ದೆ. ತಾಯಿಯೊಬ್ಬಳು ಸೆರಗು ಬಾಯಿಗೆ ಹಿಡಿದುಕೊಂಡೇ ಕೇಳಿದಳು: ‘ಮಾಸ್ತರ್ರಿ, ನೀವು ಹೇಳೂದು ಛಲೋ ಅದ. ಖರೇ, ನಮ್ಮನ್ಯಾಗ ಹೇಳಿದ್ರ ಹೊಡಿತಾರ.’

ಸಭೆ ಸುಮ್ಮನಾಯಿತು. ನಾನು ತಾಳ್ಮೆ, ಸಮಾಧಾನ ಎಂದು ಏನೋ ನಾಲ್ಕು ಮಾತು ಹೇಳಿ ಕೂತುಬಿಟ್ಟೆ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಆಕೆ ಎಲ್ಲರ ಮುಂದೆ ತನ್ನ ಮನಸ್ಸಿನ ಮಾತು ಹೇಳಿದಳು, ನಾನು ಹೇಳಿದ್ದನ್ನೇ ಮಾಡಿದಳು. ಕೇಳಿಸಿಕೊಳ್ಳಬೇಕಾದ ನಾನು ಜಾರಿಕೊಂಡೆ. ಅಂದು ಕೊಡದ ಉತ್ತರವನ್ನು ಇಂದು ಇಲ್ಲಿ ಕೊಡುತ್ತೇನೆ.

ಬಾಯಿ ಬಿಚ್ಚಿದರೆ ಪೆಟ್ಟು ಬೀಳುವ ಮನೆಯಲ್ಲಿ, ಪೆಟ್ಟು ತಿನ್ನುವವರ ಮೇಲೆ ಮಾತಿನ ಹೊಣೆ ಹೊರಿಸುವುದು ಅನ್ಯಾಯ. ಅಲ್ಲಿ ಮೊದಲ ಹೊಣೆ ಕೈ ಎತ್ತುವವನದು. ‘ನನಗ ಅವಮಾನ ಆಗ್ಯದ’ ಎನ್ನಲು ಬಾರದವನ ಮಾತೇ ಆ ಏಟು. ಹೊಡೆತ ಸಂಸಾರದ ಗುಟ್ಟಲ್ಲ, ಅಪರಾಧ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ 2005ರಲ್ಲಿ ಆಗಿ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ತಾಯಂದಿರೇ, ಈ ಮೂರು ಅಂಕಿ ನೆನಪಿಡಿ, ನಿಮಗೆ ಬೇಡವಾದರೆ ಪಕ್ಕದವಳಿಗೆ ಬೇಕಾದೀತು. ಮರುದಿನ ನಾನು ಅಲ್ಲಿಯ ಪೂಜ್ಯರಿಗೆ ಫೋನ್ ಮಾಡಿದೆ, ಅವರು ಊರಿನ ಇಬ್ಬರು ಹಿರಿಯ ತಾಯಂದಿರನ್ನು ಆಕೆಯ ಹತ್ತಿರ ಕಳಿಸಿದರು. ಮುಂದಿನದು ಆಕೆಯ ಮಾತು, ನಾನು ಇಲ್ಲಿ ಹೇಳುವಂಥದ್ದಲ್ಲ.

ಮನೆಯಲ್ಲಿ ಗಟ್ಟಿಯಾಗಿರುವವರು ಮೊದಲು ಬಾಯಿ ಬಿಡಬೇಕು ಎಂದು ನಾನು ಈಗ ಹೇಳುವುದು ಇದಕ್ಕೇ. ಮತ್ತೆ, ಗಂಡಸರು ಗಟ್ಟಿ ಎಂದು ನಾವು ತಿಳಿದಿದ್ದೇವಲ್ಲ, ಆ ಗಂಡಸರ ಕಥೆ ಹೇಳುತ್ತೇನೆ ಕೇಳಿ.

ನನ್ನ ತಮ್ಮ ಜೇವರ್ಗಿ ತಾಲೂಕಿನ ನಮ್ಮೂರಲ್ಲೇ ಒಕ್ಕಲುತನ ಮಾಡುತ್ತಾನೆ. ಆರು ಎಕರೆ, ತೊಗರಿ. 2022ರ ತೊಗರಿ ನಿಮಗೆ ನೆನಪಿದೆ. ನೆಟೆ ರೋಗ ಬಂತು. ಆಳಂದದಲ್ಲಿ ಕೂತು ನೆಟೆ ಎಂದರೇನು ಎಂದು ಹೇಳುವುದು ನನ್ನ ಅಧಿಕಪ್ರಸಂಗ, ಆದರೂ ಪೇಟೆಯ ಮಕ್ಕಳಿಗಾಗಿ ಹೇಳುತ್ತೇನೆ. ರೋಗ ಮಣ್ಣಿನಲ್ಲಿರುತ್ತದೆ, ಬೇರಿನಿಂದ ಒಳಹೊಕ್ಕು ನೀರು ಏರುವ ದಾರಿ ಕಟ್ಟುತ್ತದೆ. ಮೇಲೆ ಗಿಡ ಹಸಿರು. ಹೂ, ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ.

ನಾನು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ‘ಆರಾಮ?’ ‘ಆರಾಮ ಅಣ್ಣ.’ ಅಷ್ಟೇ ಮಾತು, ಫೋನಿಟ್ಟು ಸಮಾಧಾನದಿಂದ ಮಲಗುತ್ತಿದ್ದೆ. ಒಂದು ರಾತ್ರಿ ಆತನ ಮನೆಯಾಕೆ ಫೋನ್ ಮಾಡಿದಳು: ‘ಭಾವಾ, ನಸುಕಿನ್ಯಾಗ ಹೋದವರು ಇನ್ನಾ ಮನಿಗೆ ಬಂದಿಲ್ಲ.’ ಹುಡುಕುತ್ತ ಹೋದೆವು. ರಾತ್ರಿ ಹನ್ನೊಂದಕ್ಕೆ ಜೇವರ್ಗಿ ಬಸ್ ನಿಲ್ದಾಣದ ಕಲ್ಲಿನ ಮೇಲೆ ಸಿಕ್ಕ. ಕೈಯಲ್ಲಿ ಚೀಲ ಇಲ್ಲ, ಮೈಮೇಲೆ ಶಾಲಿಲ್ಲ. ‘ಎಲ್ಲಿಗಿ ಹೊಂಟೀದಿ?’ ಎಂದೆ. ‘ಗೊತ್ತಿಲ್ಲ ಅಣ್ಣ’ ಎಂದ.

ಚಹಾ ಕುಡಿಸಿ ಪಕ್ಕದಲ್ಲಿ ಕೂತ ಮೇಲೆ ಒಂದೊಂದೇ ಹೇಳಿದ. ಬೆಳೆ ಹೋಗಿದೆ. ಬ್ಯಾಂಕಿನ ಸಾಲದ ಮೇಲೆ ಹೊರಗಿನ ಬಡ್ಡಿ ಸಾಲ. ಹೆಂಡತಿಗೆ ಗೊತ್ತಿಲ್ಲ. ‘ನನಗಾದರೂ ಹೇಳಬಾರದೇನೋ?’ ಎಂದೆ. ಆತ ನನ್ನ ಮುಖ ನೋಡದೆ, ‘ನಿನಗ ಹೇಳಿದ್ರ ನೀ ಪಾಠ ಮಾಡ್ತಿ’ ಎಂದ.

ಖರೇ ಮಾತು. ಹಿಂದೊಮ್ಮೆ ಮಗಳ ಮದುವೆಗೆ ಸಾಲ ಮಾಡಿದ್ದಾನೆಂದು ತಿಳಿದಾಗ ಒಂದು ತಾಸು ಸರಳ ಮದುವೆಯ ಮೇಲೆ ಭಾಷಣ ಮಾಡಿದ್ದೆ. ನಾನು ಹೇಳಿದ್ದು ತಪ್ಪಿರಲಿಲ್ಲ. ಆದರೆ ಅಂದಿನಿಂದ ಆತನ ಪಾಲಿಗೆ ನನ್ನ ಕಿವಿ ಮುಚ್ಚಿಹೋಗಿತ್ತು. ಹೇಳುವ ಹೊಣೆ ಆತನದೇ ಎಂದು ನಾನು ಇಂದಿಗೂ ಹೇಳುತ್ತೇನೆ, ಆತನಿಗೂ ಹೇಳಿದ್ದೇನೆ. ಆದರೆ ಕೇಳುವ ಕಿವಿ ಉಳಿಸಿಕೊಳ್ಳುವ ಹೊಣೆ ನನ್ನದಿತ್ತು, ಅದರಲ್ಲಿ ನಾನು ಸೋತಿದ್ದೆ. ನಮ್ಮ ಧರ್ಮದಲ್ಲಿ ಉಪದೇಶ ಮಾಡುವ ನಮ್ಮಂಥವರ ಮನೆಯವರು ನಮಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನು ನಾವೆಲ್ಲ ಒಮ್ಮೆ ಯೋಚಿಸಬೇಕು. ಪೂಜ್ಯರು ಕ್ಷಮಿಸಬೇಕು.

ರಾತ್ರಿಯೇ ಊರಿಗೆ ಹೋದೆವು. ಆತ ಹೆಂಡತಿಗೆ ತಾನೇ ಹೇಳಿದ, ನಾನು ಅಂಚೆಯಾಳಾಗಲಿಲ್ಲ. ಅಷ್ಟನ್ನು ಮಗಳ ನೋಟುಬುಕ್ಕಿನಿಂದ ಕಲಿತಿದ್ದೆ. ಆಕೆ ಸಾಲದ ಮೊತ್ತ ಕೇಳಿ ಅಳಲಿಲ್ಲ. ‘ಇಷ್ಟು ದಿನ ನಾ ಮನ್ಯಾಗ ಇದ್ದಿಲ್ಲೇನು?’ ಎಂದು ಕೇಳಿ ಅತ್ತಳು. ಸಾಲ ಇನ್ನೂ ಪೂರ್ತಿ ತೀರಿಲ್ಲ. ಮೊದಲ ಆರು ತಿಂಗಳು ಆತನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ ಬಂದೆವು. ಹೇಳಲು ಯಾರೂ ಇಲ್ಲ ಎನಿಸುವ ರಾತ್ರಿಗೆ 14416 ಎಂಬ ಸಂಖ್ಯೆ ಇದೆ. ಟೆಲಿ ಮಾನಸ್ ಎನ್ನುತ್ತಾರೆ, 2022ರ ಅಕ್ಟೋಬರಿನಲ್ಲಿ ಸುರುವಾಗಿದೆ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನೂ ಬರೆದುಕೊಳ್ಳಿ. ಹುಚ್ಚರಿಗೆ ಮಾತ್ರ ಎಂದು ತಿಳಿಯಬೇಡಿ.

‘ಹೇಳು ಅಂತೀರಿ, ಏನಂತ ಹೇಳೂದು?’ ಎಂದು ಕೇಳುವವರಿದ್ದಾರೆ. ನಮಗೆ ರೂಢಿ ಇಲ್ಲ, ಅದಕ್ಕೇ ನಾಲಿಗೆ ತೊಡರುತ್ತದೆ. ನಾನು ಹಿಡಿದುಕೊಂಡ ದಾರಿ ಒಂದೇ: ‘ನೀ’ ಎಂದು ಸುರು ಮಾಡದೆ ‘ನನಗ’ ಎಂದು ಸುರು ಮಾಡುವುದು. ಮಗ ರಾತ್ರಿ ತಡವಾಗಿ ಬಂದ. ‘ನೀ ಯಾವಾಗಲೂ ಹಿಂಗೇ, ಮನಿ ಅಂದರ ಲಾಡ್ಜ್ ಮಾಡೀದಿ’ ಎಂದರೆ ಆತ ಬಾಗಿಲು ಹಾಕಿಕೊಳ್ಳುತ್ತಾನೆ. ‘ನೀ ಬರೂತನಾ ನನಗ ಅಂಜಿಕಿ ಆಗಿತ್ತು. ತಡ ಆಗೂದಿದ್ರ ಒಂದು ಫೋನ್ ಮಾಡು’ ಎಂದರೆ ಆತ ಕನಿಷ್ಠ ಕೇಳಿಸಿಕೊಳ್ಳುತ್ತಾನೆ. ಮೊದಲನೆಯದರಲ್ಲಿ ನನ್ನ ಅಂಜಿಕೆ ಎಲ್ಲಿದೆ? ಹುಡುಕಿದರೂ ಸಿಗುವುದಿಲ್ಲ. ಅಮೆರಿಕದ ಮಾರ್ಷಲ್ ರೋಸೆನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಒಂದು ಪದ್ಧತಿಯಾಗಿ ಕಲಿಸಿದರು. ಅದಕ್ಕೆ ಅವರು ಇಟ್ಟ ಹೆಸರಿನಲ್ಲಿರುವ ಅಹಿಂಸೆ ನಮ್ಮ ಗಾಂಧೀಜಿಯವರಿಂದ ಪಡೆದದ್ದು.

ಇದರಲ್ಲೂ ಕಳ್ಳದಾರಿ ಇದೆ. ನಮ್ಮ ಸಂಬಂಧಿಕರೊಬ್ಬರು ಈ ಉಪನ್ಯಾಸ ಕೇಳಿ ಮನೆಗೆ ಹೋಗಿ ಹೆಂಡತಿಗೆ, ‘ನನಗ ನೀ ಸೋಮಾರಿ ಅನಸ್ತದ’ ಎಂದರಂತೆ. ಅದು ಬೈಗುಳವೇ, ‘ನನಗ’ ಎಂಬ ಅಂಗಿ ತೊಟ್ಟುಕೊಂಡು ಬಂದಿದೆ ಅಷ್ಟೇ. ಇನ್ನೊಂದು, ಹೇಳಿದ ಮಾತ್ರಕ್ಕೆ ಎದುರಿನವರು ಒಪ್ಪಲೇಬೇಕೆಂದಿಲ್ಲ. ಮಾರಯ್ಯ ಅಕ್ಕಿ ಮರಳಿ ಸುರಿದರು. ಎಲ್ಲ ಮಾರಯ್ಯರೂ ಸುರಿಯುವುದಿಲ್ಲ. ಹೊತ್ತು ನೋಡಿಯೂ ಹೇಳಬೇಕು. ಉಣ್ಣುವವರ ತಾಟಿನ ಮುಂದೆ ಬೇಡ, ಮಕ್ಕಳ ಎದುರು ಬೇಡ, ಕುಡಿದು ಬಂದವರ ಹತ್ತಿರ ಬೆಳಗಾಗುವ ತನಕ ಬೇಡ.

ನಿನ್ನೆ ಇಲ್ಲಿಗೆ ಹೊರಡುವ ಮುಂಚೆ ಮನೆಯಾಕೆಯನ್ನು ಕೇಳಿದೆ, ‘ಆ ತಾಟು ಸರಿಸಿದ ಕಥಿ ಆಳಂದದಾಗೂ ಹೇಳಲೇನು? ನಿನಗ ಬ್ಯಾಸರ ಆಗೂದಿಲ್ಲೇನು?’ ಆಕೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಅಂದಳು: ‘ಹೇಳ್ರಿ. ಖರೇ, ಅವತ್ತು ಬ್ಯಾಳಿ ತಣ್ಣಗ ಇರಲಿಲ್ಲ ಅಂಬೂದೂ ಹೇಳ್ರಿ.’

ಹೇಳಿದ್ದೇನೆ.